ಓಲೆಯಲ್ಲಿ ಕಲಿತ ಸೂಲಗಿತ್ತಿ

"ಗುರುಗಳೇ, ಎದುರಿಗೆ ಕೂತು ಹೇಳಿಕೊಡುವವರಿಲ್ಲದೆ ವಿದ್ಯೆ ಬರುತ್ತದೆಯೇ?"

ಹೀಗೆ ಕೇಳಿದವಳು ಶಿವಲೀಲಾ. ದೂರಶಿಕ್ಷಣದಲ್ಲಿ ಪದವಿಯ ಮೊದಲ ವರ್ಷ ಓದುತ್ತಿದ್ದಳು. ಆರು ತಿಂಗಳಿಂದ ಅಚ್ಚಾದ ಪಾಠಗಳನ್ನು ಮುಂದಿಟ್ಟುಕೊಂಡು ಮನೆಯಲ್ಲಿ ಒಬ್ಬಳೇ ಕೂತು ಸೋತಿದ್ದಳು. ಮೊದಲ ಸಂಪರ್ಕ ತರಗತಿ ಮುಗಿದು ಎಲ್ಲರೂ ಹೊರಟ ಮೇಲೆ, ಓದು ಬಿಡುತ್ತೇನೆಂದು ಹೇಳಲು ಆ ಪಾಠಗಳನ್ನು ಬರೆದ ಗುರುಗಳ ಬಳಿ ಬಂದಿದ್ದಳು. ಉಳಿದವರಿಗೆಲ್ಲ ಅರ್ಥವಾಗುತ್ತಿದೆ, ತನ್ನ ತಲೆಗೆ ಮಾತ್ರ ಹತ್ತುತ್ತಿಲ್ಲ ಎಂಬುದು ಅವಳ ಸಂಕಟ.

ಗುರುಗಳು ಅವಳನ್ನು ಕೂರಿಸಿ ಒಂದು ಕತೆ ಹೇಳಿದರು.

ಗುಡ್ಡದ ಮೇಲಿನ ಒಂದು ಊರಿನಲ್ಲಿ ಸೂಲಗಿತ್ತಿ ಇರಲಿಲ್ಲ. ಹೆರಿಗೆಯಲ್ಲಿ ಅಕ್ಕನನ್ನು ಕಳೆದುಕೊಂಡ ಒಬ್ಬ ಹೆಣ್ಣುಮಗಳು ಆ ವಿದ್ಯೆ ಕಲಿಯಲೇಬೇಕೆಂದು ಹಟ ಹಿಡಿದಳು. ಅದನ್ನು ಬಲ್ಲ ಮುದುಕಿ ಇದ್ದದ್ದು ಹತ್ತು ದಿನದ ದಾರಿಯಲ್ಲಿ. ಹಾಸಿಗೆ ಹಿಡಿದ ತಾಯಿಯನ್ನು ಬಿಟ್ಟು ಇವಳು ಹೋಗುವಂತಿರಲಿಲ್ಲ. ಇವಳು ಹೇಳಿ ಕಳಿಸಿದ ಮೇಲೆ ಮುದುಕಿ ಪಾಠವನ್ನು ಓಲೆಯಲ್ಲಿ ಬರೆದು, ತಿಂಗಳಿಗೊಮ್ಮೆ ಗುಡ್ಡ ಹತ್ತುವ ಉಪ್ಪಿನ ವ್ಯಾಪಾರಿಯ ಕೈಯಲ್ಲಿ ಕಳಿಸತೊಡಗಿದಳು.

ಮೂರು ತಿಂಗಳು ಓದಿದರೂ ಅವಳಿಗೆ ಏನೂ ಹಿಡಿತಕ್ಕೆ ಸಿಗಲಿಲ್ಲ. ನಾಲ್ಕನೆಯ ತಿಂಗಳು ಓಲೆಗಳನ್ನೆಲ್ಲ ಗಂಟು ಕಟ್ಟಿ, ಇವನ್ನು ಅಜ್ಜಿಗೆ ಹಿಂದಿರುಗಿಸಿಬಿಡಿ ಎಂದಳು.

ವ್ಯಾಪಾರಿ ಗಂಟು ಮುಟ್ಟಲಿಲ್ಲ. "ನನ್ನ ದಾರಿಯಲ್ಲಿ ಇನ್ನೂ ಐದು ಊರಿನ ಹೆಣ್ಣುಮಕ್ಕಳು ಇದನ್ನೇ ಕಲಿಯುತ್ತಿದ್ದಾರೆ, ತಂಗಿ. ನನಗೊಬ್ಬಳಿಗೇ ತಿಳಿಯುತ್ತಿಲ್ಲ ಅಂತ ಐವರೂ ಹೇಳುತ್ತಾರೆ," ಎಂದ.

ಗಂಟು ಮನೆಯಲ್ಲೇ ಉಳಿಯಿತು. ಅವಳು ಮೊದಲ ಬಾರಿಗೆ ಒಂದು ಪ್ರಶ್ನೆ ಬರೆಯಲು ಕೂತಳು. ಮಗು ಕಾಲು ಮುಂದಾಗಿ ಬಂದರೆ ಏನು ಮಾಡಬೇಕು? ತನಗೆ ತಿಳಿಯದೆ ಇರುವುದು ಯಾವುದೆಂದು ಸರಿಯಾಗಿ ಬರೆಯಲು ಓಲೆಗಳನ್ನು ಮತ್ತೆ ಮತ್ತೆ ಓದಬೇಕಾಯಿತು. ನಾಲ್ಕಾರು ಹೆತ್ತ ಹೆಂಗಸರನ್ನು ವಿಚಾರಿಸಬೇಕಾಯಿತು. ಹಸು ಕರು ಹಾಕುವಾಗ ಪಕ್ಕದಲ್ಲೇ ಕೂತು ನೋಡಿದಳು. ಮುಂದಿನ ತಿಂಗಳು ಪ್ರಶ್ನೆ ಗುಡ್ಡ ಇಳಿಯಿತು.

ಉತ್ತರ ಬರುವ ಮೊದಲೇ ನೆರೆಮನೆಯವಳಿಗೆ ಹೆರಿಗೆ ನೋವು ಶುರುವಾಯಿತು. ಮಗುವಿನ ಕಾಲು ಮೊದಲು ಕಂಡಿತು. ಓಡಿಬಂದ ಇವಳು ಎಳೆಯಲು ಕೈ ಚಾಚಿದಳು. ಅವಸರಪಟ್ಟು ಎಳೆಯಬಾರದೆಂದು ಓದಿದ್ದು, ಕೇಳಿದ್ದು, ನೋಡಿದ್ದು ಎಲ್ಲ ಒಟ್ಟಿಗೆ ನೆನಪಾಯಿತು. ತಡೆದುಕೊಂಡು ಕಾದಳು. ಮಧ್ಯಾಹ್ನದ ಹೊತ್ತಿಗೆ ಮಗು ಅತ್ತಿತು. ತಾಯಿಯೂ ಉಳಿದಳು.

ಉತ್ತರದ ಓಲೆ ಬಂದಾಗ ಅವಳು ಅದನ್ನು ಕೂಡಲೇ ಬಿಚ್ಚಲಿಲ್ಲ. ತಾನು ಮಾಡಿದ್ದನ್ನೆಲ್ಲ ಮೊದಲು ಬರೆದಿಟ್ಟು, ಆಮೇಲೆ ಓದಿದಳು. ಎರಡು ಕಡೆ ಸರಿಯಿತ್ತು, ಒಂದು ಕಡೆ ತಪ್ಪಿತ್ತು. ಆ ತಪ್ಪನ್ನೂ ಮುಚ್ಚಿಡದೆ, ತಾನು ಬರೆದದ್ದನ್ನು ಐದು ಊರಿನವರಿಗೂ ತೋರಿಸಿ ಎಂದು ವ್ಯಾಪಾರಿಯ ಕೈಗಿತ್ತಳು.

ಕತೆ ಮುಗಿಯಿತು. ಶಿವಲೀಲಾ, "ಕೇಳಲು ಅವಳಿಗೆ ಒಬ್ಬ ಅಜ್ಜಿಯಾದರೂ ಇದ್ದಳು," ಎಂದಳು.

ಗುರುಗಳು ಮೆಲ್ಲಗೆ ಹೇಳಿದರು: "ಪ್ರತಿ ಪಾಠದ ಕೊನೆಯಲ್ಲೂ ನಾನು ನನ್ನ ವಿಳಾಸ ಬರೆದಿದ್ದೆ, ಮಗಳೇ."