ಎಲೆತುದಿಯ ಊಟ

ಪಟ್ಟಣದಂಚಿನ ಹೊಸ ಬಡಾವಣೆಯಲ್ಲಿ ಅಳಿಲೊಂದು ಪುಟ್ಟ ತಟ್ಟೆಗಳಲ್ಲಿ ಬಗೆಬಗೆಯ ತಿನಿಸು ಬಡಿಸುವ ಹೋಟೆಲು ತೆರೆದು, ಮೊದಲ ಗಿರಾಕಿಯಾಗಿ ಕೋಣನನ್ನು ಕರೆಯಿತು. "ಕೋಣಣ್ಣ, ನೀವು ತೃಪ್ತಿಯಾಗಿ ಉಂಡೆದ್ದರೆ ನನ್ನ ಹೋಟೆಲು ಉದ್ಧಾರವಾದ ಹಾಗೆ" ಎಂದಿತು. ಮದುವೆಮನೆಯ ಪಂಕ್ತಿಗಳಲ್ಲಿ ಪಳಗಿದ ಕೋಣ, ಬೆಳಗಿನಿಂದ ಹೊಟ್ಟೆ ಖಾಲಿ ಇಟ್ಟುಕೊಂಡೇ ಬಂದು ಕೂತಿತು.

ಅಳಿಲು ವೀಳ್ಯದೆಲೆಯಷ್ಟಗಲದ ತಟ್ಟೆಯಲ್ಲಿ ಒಂದು ಚಮಚ ಕೋಸಂಬರಿ ತಂದಿಟ್ಟಿತು. ಕೋಣ ಮುಟ್ಟಲಿಲ್ಲ. ಎಲೆತುದಿಗೆ ಬಡಿಸಿದ್ದನ್ನು ಅನ್ನ ಬರುವ ಮೊದಲೇ ಬಾಯಿಗೆ ಹಾಕುವುದು ಮರ್ಯಾದಸ್ಥರ ಲಕ್ಷಣವೇ? ರುಚಿಸಲಿಲ್ಲವೇನೋ ಎಂದು ಅಳಿಲು ಪಲ್ಯ ತಂದಿತು, ಗೊಜ್ಜು ತಂದಿತು, ಎರಡೇ ಎರಡು ಬೋಂಡ ತಂದಿತು. ತಟ್ಟೆಗಳು ಹನ್ನೆರಡಾದವು. 'ಅಬ್ಬಾ, ಎಲೆತುದಿಯೇ ಇಷ್ಟಾದರೆ ಅನ್ನ ಇನ್ನೆಷ್ಟಿರಬಹುದು!' ಎಂದು ಕೋಣ ಜೊಲ್ಲು ನುಂಗಿಕೊಂಡಿತು.

ಕೊನೆಗೆ ಅಳಿಲಿನ ಕಣ್ಣು ತುಂಬಿ ಬಂತು. "ಒಂದೂ ಹಿಡಿಸಲಿಲ್ಲವೇ ಅಣ್ಣ?"

"ಹಿಡಿಸದೇ ಏನಮ್ಮ! ಅನ್ನ ಬರಲಿ, ಶುರು ಮಾಡೋಣ."

"ಅಯ್ಯೋ, ಅನ್ನವೆಲ್ಲಿ? ಇದೇ ಊಟ!"

ಕೋಣ ತಟ್ಟೆಗಳನ್ನು ನೋಡಿತು, ಅಡುಗೆಮನೆಯ ಬಾಗಿಲು ನೋಡಿತು, ಮತ್ತೆ ತಟ್ಟೆಗಳನ್ನು ನೋಡಿತು. ತಲೆಬುಡ ತಿಳಿಯಲಿಲ್ಲ. ಆದರೂ ಬಡಿಸಿದವಳನ್ನು ಅಳಿಸಿ ಏಳಬಾರದೆಂದು ನಾಲಿಗೆ ಚಾಚಿ, ಹನ್ನೆರಡು ತಟ್ಟೆಗಳನ್ನೂ ಒಂದೇ ಸಲಕ್ಕೆ ನೆಕ್ಕಿ ಮುಗಿಸಿತು.

"ಅಮೃತ ಕಣಮ್ಮ, ಅಮೃತ!" ಎಂದಿತು. ಅಳಿಲು ಬಾಲ ಎತ್ತಿ ಕುಣಿದಾಡಿತು. ಬಾಗಿಲವರೆಗೆ ಹೋದ ಕೋಣ ತಿರುಗಿ ನಿಂತು ಮೆಲ್ಲಗೆ ಕೇಳಿತು:

"ಅಂದ ಹಾಗೆ, ಊಟ ಯಾವತ್ತು ಇಟ್ಟುಕೊಂಡಿದ್ದೀಯಮ್ಮ?"