ಏರಿಯ ಹಿಂದಿನ ತಂಪು

ಕೆರೆ ಏರಿಯಲ್ಲಿ ಬಿಲ ಮಾಡಿಕೊಂಡಿದ್ದ ಏಡಿಗೆ ನಾಲ್ಕು ದಿನದಿಂದ ನಿಂತಲ್ಲಿ ನಿಲ್ಲಲಾಗುತ್ತಿರಲಿಲ್ಲ. ಬಿಲದ ತಳದಿಂದ ಕೆರೆಯ ನೀರು ಏರಿಯ ಹಿಂಬದಿಗೆ ಒಸರುತ್ತಿತ್ತು. ನಿನ್ನೆ ಹನಿಯಾಗಿದ್ದದ್ದು ಇವತ್ತು ಧಾರೆಯಾಗಿತ್ತು. ಒಂಟಿಯಾಗಿ ಮಣ್ಣು ಒತ್ತಿ ಒತ್ತಿ ಸೋತು, ಅದು ಏರಿಯ ಹಿಂದೆ ಸೇರಿದ್ದ ಕಪ್ಪೆಗಳ ಸಭೆಗೆ ಓಡಿತು.

ಆ ಸಭೆಗೊಂದು ಪದ್ಧತಿಯಿತ್ತು: ಯಾವ ಅಪಾಯಕ್ಕೆ ಹೆಚ್ಚು ಮಂದಿ ಸತ್ತಿದ್ದಾರೋ ಅದರ ಮಾತು ಮೊದಲು. ಕೊಕ್ಕರೆಗೆ ಹನ್ನೊಂದು ಮಂದಿ ಬಲಿಯಾಗಿದ್ದರು, ನೀರುಹಾವಿಗೆ ಏಳು, ಎಮ್ಮೆಯ ಗೊರಸಿಗೆ ಎರಡು. "ನನ್ನ ಕಣ್ಣೆದುರೇ ತಮ್ಮನನ್ನು ನುಂಗಿತಲ್ಲ ಆ ಕೊಕ್ಕರೆ!" ಎಂದು ಒಂದು ಕಪ್ಪೆ ಅತ್ತಿತು, ಉಳಿದವೂ ಅತ್ತವು. ಹೊತ್ತು ನೆತ್ತಿಗೆ ಬಂತು. ಏಡಿ ಆಚೆಗೂ ಈಚೆಗೂ ಸರಿದಾಡುತ್ತಲೇ ಇತ್ತು.

"ನಿನ್ನದೇನು?" ಎಂದಿತು ಹಿರಿಯ ಕಪ್ಪೆ, ಕೊನೆಗೆ.

"ಏರಿ ಒಡೆಯುತ್ತದೆ, ಸ್ವಾಮಿ. ಎಲ್ಲರೂ ಕೈಹಾಕಿದರೆ ಇವತ್ತೇ ತೂತು ಮುಚ್ಚಬಹುದು."

"ಅದರಿಂದ ಎಷ್ಟು ಮಂದಿ ಸತ್ತಿದ್ದಾರೆ?"

"ಇನ್ನೂ ಯಾರೂ ಇಲ್ಲ."

"ಒಬ್ಬರಾದರೂ ಸಾಯಲಿ, ಆಮೇಲೆ ಬಾ. ಪದ್ಧತಿ ಎಂದರೆ ಪದ್ಧತಿ."

"ಅದು ಕೊಕ್ಕರೆಯ ಹಾಗೆ ಒಬ್ಬೊಬ್ಬರನ್ನೇ ಒಯ್ಯುವುದಿಲ್ಲ, ಸ್ವಾಮಿ! ಅದು ಬಂದ ಮೇಲೆ ಎಣಿಸಲು ಯಾರು ಉಳಿದಿರುತ್ತಾರೆ?"

ಹಿರಿಯ ಕಪ್ಪೆ ಹೊಟ್ಟೆಯನ್ನು ಒದ್ದೆ ಮಣ್ಣಿಗೆ ಹಾಯಾಗಿ ಒತ್ತಿಕೊಂಡು ಸಭೆಯ ಕಡೆ ತಿರುಗಿತು.

"ನಾಳೆಯೂ ಇಲ್ಲೇ ಸೇರೋಣ. ಹೋದ ವಾರ ಒಣಗಿ ಬಿರಿದಿದ್ದ ಜಾಗ, ಈಗ ನೋಡಿ, ಎಷ್ಟು ತಂಪಾಗಿದೆ!"