ನಲ್ಲಿ ಪೈಪಿನ ಓಲಗ

ಕೇಳಿ ಇಲ್ಲಿ, ಹೇಳಿದ್ರೆ ನಂಬಲ್ಲ ನೀವು! ನಮ್ಮ ಓಲಗದ ಮುನಿವೆಂಕಟಪ್ಪಂಗೆ ಈಗ ತಾನೇ ಚಿಂತಾಮಣಿ ಛತ್ರದಲ್ಲಿ ಆಗಿದ್ದು. ಬಿಸಿಲಿಗೆ ಅವನ ಮರದ ನಾಗಸ್ವರ ಸೀಳಿಹೋಗಿತ್ತು. ನಲ್ಲಿ ಪೈಪಿಗೇ ತೂತು ಕೊರೆದು, ಬಾಯಿಗಿಡೋ ಪೀಪಿ ಸಿಗಿಸಿ, ಅದನ್ನೇ ತಂದಿದ್ದ. ಮದುವೆ ಹೆಣ್ಣಿನ ದೊಡ್ಡಪ್ಪ ಬಚ್ಚರೆಡ್ಡಿ ಕಣ್ಣಿಗೆ ಬಿತ್ತು ನೋಡಿ!

"ಏನಯ್ಯಾ, ನಮ್ಮನೆ ಮದುವೇಲಿ ನಲ್ಲಿ ಪೈಪ್ ಊದ್ತೀಯಾ? ಮರ ಇಲ್ದೆ ನಾದ ಎಲ್ಲಿಂದ ಬರುತ್ತೆ? ಬೀಗರು ಬರೋದ್ರೊಳಗೆ ಎದ್ದೋಗು!"

ಮೂವತ್ತು ವರ್ಷ ಊದಿದೋನು, ಹಂಗೆ ಎದ್ದೋದ್ರೆ ಇನ್ಯಾರು ಕರೀತಾರೆ? ಮುನಿವೆಂಕಟಪ್ಪ ಅಲ್ಲಾಡಲಿಲ್ಲ.

"ರೆಡ್ಡೋರೆ, ಚೀಲದಲ್ಲಿ ಮರದ್ದೂ ಇದೆ. ಅಂತರಪಟದ ಹಿಂದೆ ಕೂತು ಎರಡು ಸಲ ಊದ್ತೀನಿ. ಮರದ್ದು ಯಾವುದು ಅಂತ ನೀವೇ ಹೇಳಿ. ಸರಿಯಾಗಿ ಹೇಳಿದ್ರೆ ನಾನು ಹೊರಟೆ."

ಊದಿದ. ರೆಡ್ಡಿ ಕಣ್ಮುಚ್ಚಿ ತಲೆ ಆಡಿಸಿದ್ದೇ ಆಡಿಸಿದ್ದು. "ಎರಡನೇದು! ಏನು ಗಾಂಭೀರ್ಯ! ಮರ ಅಂದ್ರೆ ಅದು!"

ಪಟ ಇಳೀತು. ಕೈಯಲ್ಲಿ ನಲ್ಲಿ ಪೈಪು! ಸೀಳಿದ ಮರದ್ದು ಇದ್ದ ಚೀಲದ ಗಂಟು ಬಿಚ್ಚೇ ಇಲ್ಲ!

"ಎರಡು ಸಲಾನೂ ಇದೇ ಊದಿದ್ದು, ರೆಡ್ಡೋರೆ. ನಡುವೆ ಪೀಪಿ ಮಾತ್ರ ಬದಲಾಯಿಸ್ದೆ."

ರೆಡ್ಡಿ ಮುಖ ಸುಟ್ಟ ಬದನೆಕಾಯಿ ಆಗೋಯ್ತು. "ಆಯ್ತು, ಊದಪ್ಪಾ. ಪೈಪು ಅಂತ ಮಾತ್ರ ಯಾರಿಗೂ ಹೇಳ್ಬೇಡ."

ಅಷ್ಟರಲ್ಲಿ ಬೀಗರು ಬಂದೇಬಿಟ್ರು. ಓಲಗ ಶುರುವಾಯ್ತು. ಗಂಡಿನ ಅಪ್ಪ ಅಲ್ಲೇ ನಿಂತು, "ಅಬ್ಬಾ, ಯಾವ ಮರದ್ದಯ್ಯಾ ಇದು?" ಅಂತ ಕೇಳ್ಬೇಕಾ! ಅವರ ಬೆನ್ನ ಹಿಂದೆ ರೆಡ್ಡಿ ಕೈ ಮುಗ್ಕೊಂಡು ನಿಂತವ್ನೆ.

ಮುನಿವೆಂಕಟಪ್ಪನ ಜಾಗದಲ್ಲಿ ನೀವಾಗಿದ್ರೆ ಏನಂತಿದ್ರಿ, ಹೇಳಿ?